ಸುಡದೆ ಬಿಟ್ಟ ಹೊಲ

ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮೂರಿನವರಿಗೆ ಒಂದು ಚಟ. ಸುಗ್ಗಿ ಮುಗಿಯುವುದೇ ತಡ, ಹೊಲದ ದಂಟು, ಕಸಕಡ್ಡಿಗೆಲ್ಲ ಬೆಂಕಿ ಇಡಬೇಕು. ಯುಗಾದಿಗೆ ಹೊಲ ಅಂಗಳದಂತೆ ಹಸನಾಗಿ ಕಾಣದಿದ್ದರೆ ಆ ಮನೆಯವರು ಮೈಗಳ್ಳರು ಎಂದು ಊರೇ ಆಡಿಕೊಳ್ಳುತ್ತದೆ.

ನೀಲಗಂಗವ್ವನ ಹೊಲ ಗುಡ್ಡದ ಇಳಿಜಾರಿನಲ್ಲಿದೆ. ಊರಿನಲ್ಲೇ ಹಸನಾದ ಹೊಲ. ಆದರೆ ವರ್ಷದಿಂದ ವರ್ಷಕ್ಕೆ ಮಣ್ಣು ಕಡಿಮೆಯಾಗಿ ಕಲ್ಲು ಹೆಚ್ಚಾಗುತ್ತಿತ್ತು. ಮೇಲಿನ ತುಂಡಿನಲ್ಲಿ ಈ ಸಲ ಗೋವಿನಜೋಳ ಮೊಣಕಾಲೆತ್ತರ ದಾಟಲಿಲ್ಲ. ಹೀಗೇ ಆದರೆ ಮುಂದೆ ಉಣ್ಣುವುದೇನು ಎಂದು ಅವಳಿಗೆ ಭಯವಾಗಿತ್ತು.

ಅಂದು ಬೆಂಕಿಪೊಟ್ಟಣ ಹಿಡಿದು ಹೋದವಳು ಬೇವಿನ ನೆರಳಲ್ಲಿ ಒರಗಿದಳು. ಗುಡ್ಡದ ಗಾಳಿಗೆ ಕಣ್ಣು ಎಳೆದವು. ಕನಸಿನಲ್ಲಿ ಮಳೆ. ಅವಳ ಹೊಲದ ಕೆಂಪು ಮಣ್ಣು ಸದ್ದಿಲ್ಲದೆ ಎದ್ದು, ಹಳ್ಳದ ಕಡೆ ನಡೆಯುತ್ತಿತ್ತು. ಸೆರಗೊಡ್ಡಿದರೂ ನಿಲ್ಲಲಿಲ್ಲ. "ನಿಂದ್ರು, ನಿಂದ್ರು" ಎನ್ನುತ್ತಲೇ ಎಚ್ಚರಾದಳು.

ಎದುರಿಗೆ ಪಕ್ಕದ ಹೊಲದ ಫಕೀರಬಿ ನಿಂತಿದ್ದಳು. ಮಹಿಳಾ ಸಂಘದವರ ಜೊತೆ ಮಣ್ಣು ಉಳಿಸುವ ತರಬೇತಿಗೆ ಹೋಗಿಬಂದವಳು. ಹೊಲ ಸುಡದೆ ಊರವರ ನಗೆಗೆ ಈಡಾದವಳೂ ಅವಳೇ.

"ಯಾರಿಗೆ ನಿಂದ್ರು ಅಂತೀಬೇ ಅಕ್ಕಾ?"

"ಮಣ್ಣಿಗೆ. ಕನಸಿನ್ಯಾಗ ಹೊಂಟಿತ್ತು."

"ಕನಸಲ್ಲಬೇ, ಖರೇನ ಹೊಂಟೈತಿ. ಅದರ ಮೈಮ್ಯಾಲಿನ ಅರಿವಿ ನೀನ ಸುಟ್ರ ಅದು ಹೆಂಗ ನಿಂದ್ರಬೇಕು?"

"ಕಸ ಹಂಗ ಬಿಟ್ರ ಮಂದಿ ಏನಂತಾರ?"

"ನನಗೂ ಅಂದ್ರು. ಅನ್ನಲಿ ಬಿಡು. ಬಾ ಇಲ್ಲಿ."

ಫಕೀರಬಿ ತನ್ನ ಹೊಲದಲ್ಲಿ ಹಾಸಿದ್ದ ದಂಟನ್ನು ಸರಿಸಿ, ನೀಲಗಂಗವ್ವನ ಕೈಯನ್ನು ಮಣ್ಣಲ್ಲಿ ಇಟ್ಟಳು. ಅಂಥ ಬಿಸಿಲಲ್ಲೂ ಒಳಗೆ ತಂಪಿತ್ತು. ಕೈ ತೆಗೆಯಲು ಅವಳಿಗೆ ಮನಸ್ಸೇ ಬರಲಿಲ್ಲ.

"ದಂಟು ಇಳಿಜಾರಿಗೆ ಅಡ್ಡ ಸಾಲ ಹಾಕು. ನೀರು ಓಡಂಗಿಲ್ಲ, ನಿಂತು ನಿಂತು ಇಳೀತೈತಿ. ಉಳಿದ ಕಸ ನೆಲಕ್ಕ ಹೊಚ್ಚು. ಒಡ್ಡಿನ ಮ್ಯಾಲಿನ ಹುಲ್ಲು ಕೀಳಬ್ಯಾಡ."

ನೀಲಗಂಗವ್ವ ಹಾಗೇ ಮಾಡಿದಳು. ಗಂಡ ಹುಚ್ಚೀರಪ್ಪ ಮುಖ ಗಂಟಿಕ್ಕಿದ.

"ಹೊಲ ಹಿಂಗಿಟ್ರ ನಾ ಮಂದ್ಯಾಗ ಹೆಂಗ ಅಡ್ಡಾಡ್ಲಿ?"

"ಮಂದಿ ಬಂದು ಮಣ್ಣು ಕೊಡ್ತಾರೇನ್ರಿ?"

ಅವನು ಅಂದು ಊಟಕ್ಕೂ ಜಲ್ದಿ ಏಳಲಿಲ್ಲ.

ಮೊದಲ ದೊಡ್ಡ ಮಳೆ ಬಿದ್ದ ದಿನ ಗಂಡಹೆಂಡತಿ ಇಬ್ಬರೂ ಗೋಣಿಕೊಪ್ಪೆ ಹೊದ್ದು ಹೊಲಕ್ಕೆ ಹೋದರು. ಮಂಜಿನಲ್ಲಿ ಗುಡ್ಡವೇ ಕಾಣುತ್ತಿರಲಿಲ್ಲ. ಸುಟ್ಟ ಹೊಲಗಳಿಂದ ಕೆಂಪು ನೀರು ಧುಮುಕುತ್ತಿತ್ತು. ಇವರ ಒಡ್ಡಿನಿಂದ ಸಣ್ಣಗೆ ತಿಳಿನೀರು ಇಳಿಯುತ್ತಿತ್ತು. ಹುಚ್ಚೀರಪ್ಪ ಅದನ್ನು ಬೊಗಸೆಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಮ್ಯಾಲಿನ ತುಂಡಿಗೆ ಕಸ ಸಾಲೂದಿಲ್ಲ," ಎಂದ. "ಊರಾಗ ಯಾರ ಹಿತ್ತಲದಾಗರ ಬಿದ್ದಿದ್ರ ಕೇಳ್ಕೊಂಡು ಬರ್ಲೇನು?"

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮೂರ ಹಳ್ಳ ಮಳೆಗೆ ಕೆಂಪಾಗಿ ಹರಿದರೆ ಅದರಲ್ಲಿ ಹೋಗುತ್ತಿರುವುದು ನಿಮ್ಮ ಮಕ್ಕಳ ಊಟ. ಈ ಸಲ ಹೊಲದ ಕಸ ಸುಡಬೇಡಿ. ನೆಲಕ್ಕೆ ಹೊದಿಸಿ.