ಮಾರಯ್ಯನ ಮೈವಾಸನೆ

ಗಾಡಿಯ ಹೊಟ್ಟೆಯ ಕೆಳಗೆ ಹಾಸಿದ ಒಂದು ಬಿಳಿ ಪಂಚೆ. ನನ್ನ ಕಸುಬನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಅದೇ. ನನಗೆ ಕೆಲಸ ಕಲಿಸಿದ ರಹಮತ್ ಸಾಬರು, ಸೋರುವ ಗಾಡಿ ಬಂದರೆ ಸ್ಪ್ಯಾನರಿಗೆ ಕೈ ಹಾಕುತ್ತಿರಲಿಲ್ಲ. ಒಗೆದು ಮಡಿಸಿಟ್ಟ ಹಳೆಯ ಪಂಚೆಯನ್ನು ನೆಲಕ್ಕೆ ಹಾಸಿ, ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಬೀಡಿ ಹಚ್ಚಿ ಕೂತುಬಿಡುತ್ತಿದ್ದರು. ಎರಡು ಮೂರು ಗಂಟೆ ಕಳೆದ ಮೇಲೆ ಪಂಚೆ ಎಳೆದು, ಬಿದ್ದ ಕಲೆಯನ್ನು ನೋಡಿ, ಬೆರಳಿಗೆ ಹಚ್ಚಿಕೊಂಡು ಮೂಸುತ್ತಿದ್ದರು. "ಗಾಡಿಗೆ ಬಾಯಿಲ್ಲ ಕಣೋ, ಉಚ್ಚೆ ಹೊಯ್ದು ಹೇಳುತ್ತೆ. ಮೂಸೋಕೆ ಹೇಸ್ಕೊಳ್ಳೋನು ಮೆಕ್ಯಾನಿಕ್ಕೇ ಅಲ್ಲ" ಎನ್ನುತ್ತಿದ್ದರು. ಕಪ್ಪು ಕಲೆ ಎಂಜಿನ್ನಿನದು, ಕೆಂಪು ಸ್ಟಿಯರಿಂಗಿನದು, ಸಿಹಿ ವಾಸನೆಯ ಹಸಿರು ರೇಡಿಯೇಟರಿನದು. ಅವರು ತೀರಿಕೊಂಡ ಮೇಲೆ ಗ್ಯಾರೇಜೂ ಪಂಚೆಯೂ ನನ್ನ ಪಾಲಿಗೆ ಬಂದವು. ನನ್ನ ಮೂಗಿಗೆ ಊರಿನಲ್ಲಿ ಒಂದು ಹೆಸರೂ ಬಂತು. ಆ ಹೆಸರು ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ವಿಶ್ವಾರಾಧ್ಯರ ಕಾರು ಗ್ಯಾರೇಜಿಗೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಅವರದು ಊದುಬತ್ತಿ ಕಾರ್ಖಾನೆ. ಗುಡ್ಡದಾಚೆಯ ಕಾರ್ಖಾನೆಗೆ ಹೋಗುವ ದಾರಿ ಬರೀ ಕಲ್ಲು ಕೊರಕಲು ಎಂದು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತ ಸಿಗುವ ದೊಡ್ಡ ಕಾರನ್ನು ತರಿಸಿದ್ದರು. ಊರಿಗೆ ಅಂಥದ್ದು ಅದೊಂದೇ. ಕಾರು ನಿಲ್ಲುವ ಮೊದಲೇ ಅವರು ಹಿಂದಿನ ಬಾಗಿಲು ತೆಗೆದು, ಮೂಗಿಗೆ ಕರ್ಚೀಫು ಒತ್ತಿಕೊಂಡು ಇಳಿದುಬಿಟ್ಟರು.

"ಎರಡು ತಿಂಗಳಾಯ್ತು, ಒಳಗೆ ಹೆಣ ಇಟ್ಟ ಹಾಗೆ ನಾರ್ತಿದೆ. ಕೆಳಗೆ ಏನೋ ಸೋರ್ತಾನೂ ಇದೆ," ಎಂದರು. ಆಮೇಲೆ ಸ್ಟಿಯರಿಂಗ್ ಮುಂದೆ ಕೂತಿದ್ದ ಡ್ರೈವರ್ ಮಾರಯ್ಯನ ಕಡೆ ಕಣ್ಣು ಹೊರಳಿಸಿ, ಅವನಿಗೂ ಕೇಳುವಂತೆ, "ನಾರೋದು ಗಾಡಿಯೋ, ಗಾಡಿ ಓಡಿಸೋನೋ, ನೀವೇ ಹೇಳ್ಬೇಕು," ಎಂದು ಹೇಳಿ, ಆಟೋ ಹಿಡಿದು ಹೊರಟುಹೋದರು.

ನಾನು ಕಾರಿನ ಬಾಗಿಲು ತೆಗೆದೆ. ನಾತ ಮುಖಕ್ಕೆ ರಾಚಿತು. ಗ್ಯಾರೇಜಿನಲ್ಲಿ ಎಂತೆಂಥದೋ ಮೂಸಿದವನು ನಾನು. ಬಾನೆಟ್ಟಿನೊಳಗೆ ಸತ್ತ ಇಲಿ, ಮದುವೆ ದಿಬ್ಬಣದ ವಾಂತಿ, ಸೀಟಿನಡಿ ಮರೆತುಹೋದ ಮೀನು. ಇದು ಅವೆಲ್ಲವನ್ನೂ ಮೀರಿಸಿತ್ತು. ಮೊದಲು ಹುಳಿ, ಅದರ ಹಿಂದೆ ಗಂಟಲಿಗೆ ಅಂಟುವಂಥ ಸಿಹಿ, ಅದರಡಿಯಲ್ಲಿ ಕೊಳೆತದ್ದು. ಇವೆಲ್ಲದರ ಮೇಲೆ ವಿಶ್ವಾರಾಧ್ಯರ ಮನೆಯವರು ಸುರಿದ ಅತ್ತರು ಬೇರೆ. ಅತ್ತರಿನಿಂದಾಗಿ ಅದು ಇನ್ನಷ್ಟು ಅಸಹ್ಯವಾಗಿತ್ತು.

ಪಂಚೆ ಹಾಸಿ, ಕಾರು ನಿಲ್ಲಿಸಿ, ಎ.ಸಿ. ಹಾಕಿಟ್ಟು ಕಾದೆವು. ಮಾರಯ್ಯ ನನ್ನದೇ ವಯಸ್ಸಿನವನು, ಹತ್ತು ವರ್ಷದಿಂದ ಆ ಮನೆಯ ಗಾಡಿ ಓಡಿಸುತ್ತಿದ್ದ. ಬಾಗಿಲ ಬಳಿ ಬಿಸಿಲಲ್ಲೇ ನಿಂತಿದ್ದ. ಒಳಗೆ ಬಾ ಎಂದರೆ ಬರಲೊಲ್ಲ.

"ದಿನಕ್ಕೆರಡು ಸಲ ಮೀಯ್ತೀನಿ ಅಣ್ಣ," ಎಂದ ತಾನಾಗಿಯೇ. "ಅವರೇ ಸೋಪು ಕೊಟ್ಟವ್ರೆ. ಅಂಗಿ ಮ್ಯಾಲೆ ಅತ್ತರು ಹಾಕ್ಕೊಂಡೇ ಸೀಟ್ ಮ್ಯಾಲೆ ಕೂರ್ಬೇಕು. ಬುತ್ತಿ ಗಾಡಿಯೊಳಗೆ ಇಡಂಗಿಲ್ಲ. ಮೀನು ಮಾಂಸ ತಿಂದು ಬತ್ತೀಯ ಅಂದ್ರು, ಅದ್ನೂ ಬಿಟ್ಟೆ. ಆದ್ರೂ ವಾಸ್ನೆ ಹೋಗ್ನಿಲ್ಲ. ಮನೇಲಿ ಹೆಂಡ್ರು ಏನೂ ಇಲ್ಲ ಅಂತಾಳೆ. ಅವ್ಳು ನಮ್ಮೋಳು, ಹಂಗೇ ಅಂತಾಳೆ." ಆಮೇಲೆ ಕೇಳಿದ: "ನೀವು ಮೂಗಿನಲ್ಲೇ ಹೇಳೋರಂತೆ. ಒಂದ್ಸಲ ನನ್ನ ಮೂಸಿ ಹೇಳಿ. ನಾರ್ತೀನಾ?"

ಒಬ್ಬ ಮನುಷ್ಯ ಇನ್ನೊಬ್ಬನನ್ನು ಕೇಳಬಾರದ ಮಾತು ಅದು. ನಾನು ನಿಂತಲ್ಲಿಂದಲೇ, ಒಂದು ಮಾರು ದೂರದಿಂದ, ಮೂಗು ಮುಂದೆ ಚಾಚಿದ ಹಾಗೆ ಮಾಡಿದೆ. ಸೋಪು, ಅತ್ತರು, ಅದರಡಿ ಬಿಸಿಲಲ್ಲಿ ನಿಂತವನ ಬೆವರು. "ಏನೂ ಇಲ್ಲ ಹೋಗು ಮಾರಾಯ," ಎಂದು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಮಧ್ಯಾಹ್ನ ಪಂಚೆ ಎಳೆದೆ. ಹಿಂದಿನ ಚಕ್ರಗಳ ನಡುವೆ ಬಿದ್ದಿದ್ದ ಕಂದು ಕಲೆಯನ್ನು ಬೆರಳಿಗೆ ತೆಗೆದುಕೊಂಡು ಮೂಸಿದೆ. ಗೇರ್ ಆಯಿಲ್! ಗಂಧಕ ಬೆರೆತ ಆ ಎಣ್ಣೆಗೆ ಕೊಳೆತ ಮೊಟ್ಟೆಯ ನಾತ ಇರುತ್ತದೆ. ಇಂಥ ಕಾರಿನಲ್ಲಿ ಚಕ್ರ ತಿರುಗಿಸುವ ಹಲ್ಲುಗಾಲಿಗಳ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್, ಮುಂದೊಂದು ಹಿಂದೊಂದು, ನಡುವೆ ಎಳೆತ ಹಂಚುವ ಇನ್ನೊಂದು ಪೆಟ್ಟಿಗೆ, ಮೂರರಲ್ಲೂ ಅದೇ ಎಣ್ಣೆ. ಹಿಂದಿನದರಲ್ಲಿ ಎಣ್ಣೆ ತಡೆಯುವ ಸೀಲ್ ಹೋಗಿತ್ತು. ಸಿಕ್ಕಿತಲ್ಲ ಎಂದು ನಾನು ಬೀಗಿದೆ. ಪಂಚೆಯ ಇನ್ನೊಂದು ತುದಿಯಲ್ಲಿ, ಮುಂದೆ ಎಡಗಡೆ, ತೆಳ್ಳನೆಯ ಹಳದಿ ಒದ್ದೆಯೊಂದಿತ್ತು. ಕಂಡಿತ್ತು, ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಎ.ಸಿ.ಯ ನೀರು ಎಂದುಕೊಂಡೆ. ಬಗ್ಗಿ ಮೂಸಲಿಲ್ಲ.

ಸೀಲ್ ಬದಲಿಸಿ, ಎಣ್ಣೆ ತುಂಬಿ, ಕಿಟಕಿಗಳನ್ನು ತೆರೆದಿಟ್ಟು ಒಣಗಿಸಿದೆ. ಸಂಜೆ ವಿಶ್ವಾರಾಧ್ಯರು ಬಂದಾಗ ನಾತ ಬಹಳ ಮಟ್ಟಿಗೆ ಇಳಿದಿತ್ತು. "ಇನ್ನು ಈ ಗಾಡಿಯೊಳಗೆ ನಾರೋವಂಥದ್ದು ಏನೂ ಇಲ್ಲ. ನನ್ನ ಮೂಗಿನ ಮೇಲಾಣೆ," ಎಂದೆ ಎದೆಯುಬ್ಬಿಸಿಕೊಂಡು.

ಎರಡು ವಾರ ಕಳೆದು, ಮಂಗಳವಾರ ಬೆಳಿಗ್ಗೆ ಮಾರಯ್ಯ ಒಬ್ಬನೇ ಕಾರು ತಂದ. ಅವನ ಮುಖ ಇಳಿದುಹೋಗಿತ್ತು.

"ತೊಳೆಸ್ಕೊಂಡು ಬಂದು ಕೀ ಕೊಟ್ಟು ಹೋಗು ಅಂದವ್ರೆ. ನಾಳೆಯಿಂದ ನಾನು ಬ್ಯಾಡವಂತೆ."

"ಯಾಕೆ? ಏನಾಯ್ತು?"

"ವಾಸ್ನೆ ತಿರುಗಾ ಬಂತು. ಗಾಡೀಲಿ ಏನೂ ಇಲ್ಲ ಅಂತ ನೀವು ಆಣೆ ಮಾಡಿದ್ರಂತಲ್ಲ. ಹಂಗಾದ್ರೆ ನಾರೋನು ನಾನೇ ಅಂತ ತೀರ್ಮಾನ ಆಯ್ತು." ಅವನ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. "ಕೆಲಸ ಹೋದ್ರೆ ಇನ್ನೊಂದು ಸಿಗ್ತದೆ ಅಣ್ಣ. ಮೈ ನಾರ್ತದೆ ಅಂತ ಬಿಡಿಸಿದ್ರು ಅಂದ್ರೆ, ಈ ಊರಲ್ಲಿ ಯಾರು ನನ್ನ ಪಕ್ಕ ಕೂರಿಸ್ಕೊಂಡಾರು?"

ನಾನು ಪಂಚೆ ತಂದು ಹಾಸಿದೆ. ಈ ಸಲ ಮೂರು ಗಂಟೆ ಬೇಕಾಗಲಿಲ್ಲ. ಎ.ಸಿ. ಹಾಕಿ ಹತ್ತು ನಿಮಿಷಕ್ಕೆ ಎಡಗಡೆ ಮುಂದೆ ತೊಟ್ಟಿಕ್ಕಿತು. ನೀರಲ್ಲ. ಹಳದಿ ಲೋಳೆ, ಅದರಲ್ಲಿ ಮೊಸರಿನ ಹಾಗೆ ಬಿಳಿ ತುಣುಕುಗಳು. ಹೊಟ್ಟೆಯ ಮೇಲೆ ಮಲಗಿ, ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಎದ್ದು ಚರಂಡಿಯವರೆಗೆ ಓಡಿದ್ದೇ ಗೊತ್ತು, ಬೆಳಗಿನ ಕಾಫಿಯೆಲ್ಲ ಹೊರಗೆ ಬಂತು.

ಮುಂದಿನ ಗಾಜಿನ ಬುಡದಲ್ಲಿ ಕಪ್ಪು ಜಾಲರಿಯೊಂದಿರುತ್ತದೆ. ಹೊರಗಿನ ಗಾಳಿ ಕಾರಿನೊಳಕ್ಕೆ ಹೋಗುವುದು ಅಲ್ಲಿಂದ. ಅದನ್ನು ಬಿಚ್ಚಿದೆವು. ಕೆಳಗಿನ ತೊಟ್ಟಿಯಲ್ಲಿ ಅಂಗೈಯಗಲ ದಪ್ಪಕ್ಕೆ ಕೆನೆ ಕಟ್ಟಿತ್ತು. ಮೇಲೆ ಹಸಿರು ಬೂಷ್ಟು, ಕೆಳಗೆ ಹಳದಿ ಗಂಜಿ, ಕಪ್ಪಾದ ಬಾಳೆಹಣ್ಣಿನ ಚೂರು, ಅದರ ತುಂಬ ಅಕ್ಕಿ ಕಾಳಿನಂಥ ಬಿಳಿ ಹುಳಗಳು ಮಿಜಿಗುಡುತ್ತಿದ್ದವು. ನೀರು ಹೊರಹೋಗುವ ಕಿಂಡಿಗೆ ಎಲೆಗಳು ಕಟ್ಟಿಕೊಂಡು, ಎಲ್ಲವೂ ಗಾಳಿ ಬೀಸುವ ಫ್ಯಾನಿನ ಗೂಡಿಗೇ ಇಳಿದಿತ್ತು. ಎ.ಸಿ. ಹಾಕಿದಾಗಲೆಲ್ಲ ಇದರ ಮೇಲೆ ಹಾದು ಬಂದ ಗಾಳಿಯನ್ನು ಆ ಮನೆಯವರು ಉಸಿರಾಡಿದ್ದರು. ಉಸಿರಾಡಿ, ಮಾರಯ್ಯನನ್ನು ಬೈದಿದ್ದರು.

ನಾನು ಇನ್ನೊಮ್ಮೆ ಓಕರಿಸುತ್ತಿದ್ದಾಗ ಮಾರಯ್ಯ ತೋಳು ಮಡಿಸಿ, ಎರಡೂ ಕೈಯಿಂದ ಅದನ್ನು ಬೊಗಸೆ ಬೊಗಸೆಯಾಗಿ ಬೋಗುಣಿಗೆ ತುಂಬತೊಡಗಿದ. ಅವನ ಮುಖದಲ್ಲಿ ಹೇಸಿಗೆಯೇ ಇರಲಿಲ್ಲ. ಕಳೆದುಹೋದದ್ದು ಸಿಕ್ಕಿದವನ ಹಾಗಿದ್ದ. "ನೋಡಿ ಅಣ್ಣ, ನೋಡಿ. ಇದು ನಾನಲ್ಲ. ನಾನಲ್ಲ ಇದು," ಎಂದು ಮತ್ತೆ ಮತ್ತೆ ಹೇಳಿದ.

ಕಿಂಡಿಗೆ ಕಟ್ಟಿದ್ದ ಎಲೆಯನ್ನು ನೀರಿನಲ್ಲಿ ತೊಳೆದು ನೋಡಿದೆ. ಬಿಲ್ವಪತ್ರೆ. ಆಗ ನನಗೆ ಅರ್ಧ ಹೊಳೆಯಿತು. ಯಜಮಾನರು ಬರಲಿ, ಮನೆಯಲ್ಲಿ ಪೂಜೆ ಮಾಡುವವರನ್ನೂ ಕರೆತರಲಿ ಎಂದು ಹೇಳಿಕಳಿಸಿದೆ.

ವಿಶ್ವಾರಾಧ್ಯರು ಮೂಗು ಮುಚ್ಚಿಕೊಂಡೇ ಬಂದರು. ಜೊತೆಗೆ ಅವರ ತಾಯಿ ಅನ್ನಪೂರ್ಣಮ್ಮ. ಮೃದುವಾದ ಮುಖದ, ಯಾರಿಗೂ ಗದರಿ ಗೊತ್ತಿಲ್ಲದ ಮುದುಕಿ. ಬೋಗುಣಿಯನ್ನೂ ಬಿಲ್ವಪತ್ರೆಯನ್ನೂ ನೋಡಿದವರೇ ಗಲ್ಲಕ್ಕೆ ಕೈ ಹಚ್ಚಿದರು.

"ಅಯ್ಯೋ ಶಿವನೇ, ಇದು ಸೋಮವಾರದ ಪಂಚಾಮೃತ ಅಲ್ವಾ?"

"ಇಲ್ಲಿಗೆ ಹೇಗೆ ಬಂತಮ್ಮಾ?" ಎಂದೆ.

"ನಾನೇ ಹಾಕೋದು ಕಣಪ್ಪ. ಅಭಿಷೇಕ ಮಾಡಿದ್ದು ಯಾರ ಕಾಲಡಿಗೂ ಬೀಳಬಾರದು. ಗಿಡಕ್ಕೆ ಹಾಕಿದ್ರೂ ನೆಲಕ್ಕೆ ಹರಿಯುತ್ತೆ. ಹೊಸ ಗಾಡಿ ಬಂದ ಮೇಲೆ, ಮಗ ಆ ಕೊರಕಲಲ್ಲಿ ಓಡಾಡೋನು, ಕಾಪಾಡಲಿ ಅಂತ ಗಾಜಿನ ಹತ್ರ ಹಾಕ್ತಾ ಬಂದೆ. ಮಾರಯ್ಯ ಬರೋದ್ರೊಳಗೇ ಆಗಿಹೋಗುತ್ತೆ. ಒಂದು ತೊಟ್ಟು ಕೆಳಗೆ ಬೀಳಲ್ಲ ನೋಡು. ಎಲ್ಲಾ ಗಾಡೀನೇ ಕುಡಿದುಬಿಡುತ್ತೆ." ಕೊನೆಯ ಮಾತನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

ಆಗ ನಡೆದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ವಿಶ್ವಾರಾಧ್ಯರು ಮೂಗಿನ ಮೇಲಿದ್ದ ಕರ್ಚೀಫನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡರು. ಬೋಗುಣಿ ಎರಡಡಿ ದೂರದಲ್ಲಿತ್ತು. ಹುಳಗಳು ಅಂಚಿಗೆ ಹತ್ತುತ್ತಿದ್ದವು. ನಾತ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅವರು ಆ ಬೋಗುಣಿಗೆ ಕೈ ಮುಗಿದರು.

"ಇದನ್ನ ಕೈಯಾರೆ ತೆಗೆದೋರು ಯಾರು?" ಎಂದು ಅನ್ನಪೂರ್ಣಮ್ಮ ಕೇಳಿದರು.

ಮಾರಯ್ಯನ ಎರಡೂ ಕೈ ಮೊಣಕೈವರೆಗೆ ಲೋಳೆಯಾಗಿದ್ದವು. ಮುದುಕಿ "ಶಿವ ಶಿವಾ" ಎನ್ನುತ್ತ ಸೆರಗು ಒಟ್ಟುಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಹಿಂದೆ ಸರಿದದ್ದು ಬೋಗುಣಿಯಿಂದಲ್ಲ.

"ದೇವರದ್ದು ಇದು, ಯಾರ ಕೈಲಿ ತೆಗೆಸ್ತೀವಿ ಅಂತ ನೀವು ಸ್ವಲ್ಪ ನೋಡ್ಕೊಂಡು ಮಾಡಿಸ್ಬೇಕಿತ್ತು," ಎಂದರು ವಿಶ್ವಾರಾಧ್ಯರು ನನಗೆ. ಆಮೇಲೆ ಮಾರಯ್ಯನ ಕಡೆ ಪೂರ್ತಿ ತಿರುಗದೆಯೇ, "ಆಯ್ತು ಬಿಡು. ಏನೋ ಹೀಗಾಯ್ತು. ನಾಳೆಯಿಂದ ಬಾ ಕೆಲಸಕ್ಕೆ," ಎಂದರು.

ನನಗೆ ಹೇಸಿಗೆಯಾಯಿತು. ಹುಳ ಕಂಡಾಗ ಆಗಿದ್ದ ಹೇಸಿಗೆ ಇದರ ಮುಂದೆ ಏನೂ ಅಲ್ಲ. ನಾಲ್ಕು ಮಾತು ಝಾಡಿಸಿಬಿಡಬೇಕು ಎನ್ನಿಸಿತು. ಆದರೆ ಬಾಯಿ ತೆರೆಯಲು ನನಗೆ ಯಾವ ಮುಖವಿತ್ತು? ಬಗ್ಗಿ ಮೂಸದೆ ಆಣೆ ಮಾಡಿದ್ದವನು ನಾನೇ. ನೆಲ ನೋಡುತ್ತ ನಿಂತೆ.

ಮಾತಾಡಿದ್ದು ಮಾರಯ್ಯನೇ. "ಬ್ಯಾಡಿ ಬುದ್ದಿ," ಎಂದ ತಣ್ಣಗೆ. "ಎರಡೂವರೆ ತಿಂಗ್ಳಿಂದ ನನ್ನ ಮೈಯ ನಾನೇ ಮೂಸ್ಕೊಂಡು ತಿರುಗಿವ್ನಿ. ಮಕ್ಕಳ ಹತ್ರ ಮಲಗಕ್ಕೂ ಅಂಜಿವ್ನಿ. ಸಾಕು." ಕೀ ಬಾನೆಟ್ಟಿನ ಮೇಲಿತ್ತು. ಅವನು ಅದನ್ನು ಮುಟ್ಟಲಿಲ್ಲ. ನೇರ ನಲ್ಲಿಯ ಹತ್ತಿರ ಹೋದ.

ತಾಯಿ ಮಗ ಹೋದ ಮೇಲೂ ಅವನು ತೊಳೆದುಕೊಳ್ಳುತ್ತಲೇ ಇದ್ದ. ಮುಗಿಸಿದ ಮೇಲೆ ಇಬ್ಬರೂ ಎದುರಿನ ಟೀ ಅಂಗಡಿಗೆ ಹೋದೆವು. ನಾಳೆಯಿಂದ ಗಿರಾಕಿಗಳ ಗಾಡಿ ತಂದುಕೊಡುವ ಕೆಲಸಕ್ಕೆ ನನ್ನ ಹತ್ತಿರವೇ ಬಾ ಎಂದೆ. ತಪ್ಪು ನನ್ನದು, ಅವತ್ತೇ ಬಗ್ಗಿ ಮೂಸಿದ್ದರೆ ನಿನಗೆ ಹೀಗಾಗುತ್ತಿರಲಿಲ್ಲ ಎಂದೂ ಹೇಳಿದೆ. "ಸಿಕ್ತಲ್ಲ ಅಣ್ಣ, ಬುಡಿ," ಎಂದ. ಮೊದಲ ಸಲ ನಕ್ಕ. ಅಂಗಡಿಯ ಮುಂದೆ ಉದ್ದನೆಯ ಬೆಂಚಿತ್ತು. ನಾನು ಕೂತೆ. ಅವನು ಒಂದು ಮಾರು ಜಾಗ ಬಿಟ್ಟು ಕೂತ. ಟೀ ಬಂತು. ಲೋಟ ಕೊಡುವ ನೆಪದಲ್ಲಿ ನಾನು ಹತ್ತಿರ ಸರಿದೆ. ಅವನು, ತನಗೇ ಅರಿವಿಲ್ಲದೆ, ಅಷ್ಟೇ ಆಚೆ ಸರಿದ. ನಾನು ಇನ್ನೂ ಸ್ವಲ್ಪ ಸರಿದೆ. ಅವನೂ ಸರಿದ. ಬೆಂಚು ಮುಗಿದ ಮೇಲೆ, ಎದ್ದು ನಿಂತು ಟೀ ಕುಡಿದ.