ತುಂಬಿತು ಅಂದರೆ ಒಂದು ಕೆಮ್ಮು

ಮೊನ್ನೆ ನನ್ನನ್ನು ಒಂದು ಪರೀಕ್ಷೆಗೆ ಕರೆದಿದ್ದರು. ಬರೆಯುವುದಕ್ಕಲ್ಲ, ಅಂಕ ಹಾಕುವುದಕ್ಕೆ. ಸಮಾಜ ಕಾರ್ಯಕರ್ತರಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ನೋಡುವಾಗ, ಅವರ ನೆರವು ಪಡೆದ ಮನೆಯವರೊಬ್ಬರೂ ಜೊತೆಗಿರಬೇಕಂತೆ. ಈಗ ಎಲ್ಲವೂ ಅಚ್ಚುಕಟ್ಟು: ಒಂದು ಕೋಣೆ, ಎರಡು ಕುರ್ಚಿ, ಕಷ್ಟದಲ್ಲಿರುವವಳಂತೆ ಅಳಲು ಸಂಬಳಕ್ಕೆ ಬಂದ ಒಬ್ಬ ನಟಿ. ಅವಳು ಅಳುತ್ತಿದ್ದರೆ ನನಗೆ ನಮ್ಮ ಹಳೆಯ ಅಡುಗೆಮನೆ ನೆನಪಾಯಿತು. ನಟನೆ ಅಂದರೆ ನಮ್ಮಜ್ಜಿಯದು. ಇವಳದ್ದೇನು ಮಹಾ!

ಆಗ ಪರೀಕ್ಷೆ ಮನೆಯಲ್ಲೇ ನಡೆಯುತ್ತಿತ್ತು. ಕಾರ್ಯಕರ್ತೆ ಎಂದಿನಂತೆ ಭೇಟಿಗೆ ಬರಬೇಕು. ಅವಳು ಏನು ಕೇಳುತ್ತಾಳೆ, ಏನನ್ನು ಗಮನಿಸುತ್ತಾಳೆ ಎಂದು ಪರೀಕ್ಷಕರು ಮೂಲೆಯಲ್ಲಿ ಕುಳಿತು ನೋಡಬೇಕು. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ನಾನು ಅಜ್ಜಿಯ ಜೊತೆಗಿದ್ದೆ. ಈ ಮುದುಕಿಗೆ ನನ್ನನ್ನು ಸಾಕುವ ತ್ರಾಣವಿದೆಯೇ ಎಂದು ಕಚೇರಿಯಿಂದ ನೋಡಿಕೊಂಡು ಹೋಗಲು ಬರುತ್ತಿದ್ದವಳು ಬ್ಯಾಗಕ್ಕ. ಹೆಗಲಿಗೆ ಸದಾ ದೊಡ್ಡ ಚೀಲ ಇರುತ್ತಿದ್ದುದರಿಂದ ಆ ಹೆಸರು. ಅವಳಿಗಿಂತ ಮುಂಚೆ ಬರುತ್ತಿದ್ದ ಸಾಹೇಬರು ಬಂದಾಗಲೆಲ್ಲ, ಮಗು ಹಾಸ್ಟೆಲಿನಲ್ಲಿದ್ದರೆ ಒಳ್ಳೆಯದು ಎಂದು ರಾಗ ಎಳೆಯುತ್ತಿದ್ದರು. ಬ್ಯಾಗಕ್ಕ ಫೇಲಾದರೆ ಮತ್ತೆ ಅವರೇ ಗತಿ.

"ಅವಳನ್ನ ಪಾಸ್ ಮಾಡಿಸ್ಲೇಬೇಕು ಕಣೇ," ಎಂದು ಅಜ್ಜಿ ಟೊಂಕ ಕಟ್ಟಿ ನಿಂತಳು.

ಆದರೆ ನಮ್ಮಲ್ಲೊಂದು ಗುಟ್ಟಿತ್ತು. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರ್ತಿ ಕತ್ತಲೆಯಲ್ಲ, ಹೊಗೆಯೊಳಗೆ ನೋಡಿದ ಹಾಗೆ ಅನ್ನುತ್ತಿದ್ದಳು. ಸೂಜಿಗೆ ದಾರ ಪೋಣಿಸಲು, ಮಾತ್ರೆಯ ಬಣ್ಣ ಹೇಳಲು, ಹಾಲು ಉಕ್ಕುವುದನ್ನು ಕಾಯಲು ನಾನೇ ಬೇಕು. ಇದು ಗೊತ್ತಾದರೆ ನನ್ನನ್ನು ಕರೆದುಕೊಂಡು ಹೋಗಿಬಿಡುತ್ತಾರೆ ಎಂದು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಚಹಾ ಬಗ್ಗಿಸುವಾಗ ಲೋಟ ತುಂಬಿದ ಕೂಡಲೇ ನಾನು ಒಂದು ಸಲ ಕೆಮ್ಮಬೇಕು. ಅಜ್ಜಿ ಕೈ ಎತ್ತುತ್ತಾಳೆ. ಬ್ಯಾಗಕ್ಕ ಅಷ್ಟು ತಿಂಗಳು ನಮ್ಮ ಚಹಾ ಕುಡಿದರೂ ಅವಳಿಗೆ ಸುಳಿವು ಸಿಕ್ಕಿರಲಿಲ್ಲ.

ಪರೀಕ್ಷೆಯ ದಿನ ಪಕ್ಕದ ಮನೆಯ ಕುರ್ಚಿ ನಮ್ಮ ಮನೆಗೆ ಬಂತು, ಪರದೆಯೂ ಬಂತು. ಅಜ್ಜಿ ನನ್ನ ತಲೆ ಎಷ್ಟು ಬಿಗಿಯಾಗಿ ಬಾಚಿದಳೆಂದರೆ ಹುಬ್ಬು ಮೇಲಕ್ಕೇರಿತ್ತು. ಪಾಪ, ಬ್ಯಾಗಕ್ಕ ಹೆಗಲಿನ ಚೀಲ ಇಳಿಸುವುದನ್ನೇ ಮರೆತಿದ್ದಳು. ಅವಳು ಪ್ರಶ್ನೆ ಮುಗಿಸುವ ಮೊದಲೇ ಅಜ್ಜಿ ಉತ್ತರ ಹೇಳಿ ಮುಗಿಸುತ್ತಿದ್ದಳು. ಪರೀಕ್ಷಕರ ಪೆನ್ನು ಓಡುತ್ತಿತ್ತು. ಇನ್ನೇನು ಗೆದ್ದೆವು ಎಂದುಕೊಂಡೆ.

ಆಮೇಲೆ ಚಹಾ. ಮೊದಲ ಲೋಟಕ್ಕೆ ಕೆಮ್ಮಿದೆ. ಎರಡನೆಯದಕ್ಕೂ ಕೆಮ್ಮಿದೆ.

"ಅಯ್ಯೋ, ಮಗೂಗೆ ಕೆಮ್ಮು," ಎಂದು ಪರೀಕ್ಷಕರು ಜೇಬಿನಿಂದ ದಪ್ಪನೆಯ ಪೆಪ್ಪರಮೆಂಟು ತೆಗೆದು ನನ್ನ ಬಾಯಿಗೆ ತುರುಕಿದರು. ಒಳ್ಳೆಯ ಮನುಷ್ಯ, ಅವರನ್ನು ಬೈಯುವಂತಿಲ್ಲ. ಅಷ್ಟರಲ್ಲಿ ಅಜ್ಜಿ ಅವರ ಲೋಟಕ್ಕೆ ಬಗ್ಗಿಸತೊಡಗಿದ್ದಳು. ನಾನು ಕೆಮ್ಮಲು ಹೋದರೆ ಪೆಪ್ಪರಮೆಂಟು ಗಂಟಲಿಗೇ ನುಗ್ಗಿತು. ಚಹಾ ಲೋಟ ದಾಟಿ, ಮೇಜು ದಾಟಿ, ಪರೀಕ್ಷಕರ ಪ್ಯಾಂಟಿಗೆ ಇಳಿಯಿತು.

"ಕೈ ಜಾರ್ತು ನೋಡಿ," ಎಂದಳು ಅಜ್ಜಿ, ಇನ್ನೂ ಬಗ್ಗಿಸುತ್ತಲೇ.

"ಪರವಾಗಿಲ್ಲ ಬಿಡಿ," ಎಂದರು ಅವರು ಕರವಸ್ತ್ರ ಹುಡುಕುತ್ತ.

ಅಲ್ಲಿಗೆ ಮುಗಿಸಬಹುದಿತ್ತು. ಬ್ಯಾಗಕ್ಕ ನನ್ನ ಉಬ್ಬಿದ ಕೆನ್ನೆ ನೋಡಿದಳು, ಅಜ್ಜಿಯ ಮುಖ ನೋಡಿದಳು. ಎದ್ದು ಬಂದು ಅಜ್ಜಿಯ ಪಕ್ಕ ಮಂಡಿಯೂರಿ ಚಹಾದ ಪಾತ್ರೆಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಜ್ಜಿ, ಯಾವಾಗಿಂದ ಕಣ್ಣು ಕಾಣ್ತಿಲ್ಲ?"

ಪರೀಕ್ಷಕರ ಕೈ ನಿಂತಿತು. "ಇಷ್ಟು ದಿನದಿಂದ ಬರ್ತಿದೀರಿ. ನಿಮಗೆ ಗೊತ್ತಿರಲಿಲ್ವಾ?"

ಅನುಮಾನವಿತ್ತು ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಬ್ಯಾಗಕ್ಕನ ಕಿವಿ ಕೆಂಪಾಯಿತು. "ಇಲ್ಲ ಸರ್. ನನಗೆ ಗೊತ್ತಾಗ್ಲಿಲ್ಲ. ಇವತ್ತೇ ಗೊತ್ತಾಗಿದ್ದು."

"ಹುಚ್ಚು ಹುಡುಗಿ!" ಅಜ್ಜಿ ಸಿಡಿದಳು. "ನಿನ್ನ ಪಾಸ್ ಮಾಡಿಸೋಕೆ ಬೆಳಿಗ್ಗೆಯಿಂದ ಸಾಯ್ತಿದೀನಿ, ನೀನು ನೋಡಿದ್ರೆ..." ನನಗಾಗಿ ಗಾಳಿಯಲ್ಲಿ ತಡಕಾಡಿ, ಸಿಕ್ಕ ಕೂಡಲೇ ಅಪ್ಪಿಕೊಂಡಳು. "ಇವಳನ್ನ ಕರ್ಕೊಂಡು ಹೋಗ್ಬೇಡಮ್ಮ."

"ಕಣ್ಣು ಕಾಣ್ದಿದ್ರೆ ಅಜ್ಜೀನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಮೊಮ್ಮಗಳನ್ನ ಯಾಕೆ ಕರ್ಕೊಂಡು ಹೋಗ್ತಾರೆ?" ಎಂದಳು ಬ್ಯಾಗಕ್ಕ. ಅವಳೂ ಅಳುತ್ತಿದ್ದಳು. ಅದಕ್ಕೆ ಎಷ್ಟು ಅಂಕ ಹಾಕಿದರೋ ಗೊತ್ತಿಲ್ಲ.

ಪರೀಕ್ಷಕರು ಪಾಸೂ ಅನ್ನಲಿಲ್ಲ, ಫೇಲೂ ಅನ್ನಲಿಲ್ಲ. ಇನ್ನೊಂದು ಭೇಟಿ ನೋಡಬೇಕು ಎಂದು ಒದ್ದೆ ಪ್ಯಾಂಟಿನಲ್ಲೇ ಹೊರಟರು.

ಆ ಇನ್ನೊಂದು ಭೇಟಿ ನಡೆದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಅಜ್ಜಿಯ ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ಪರೀಕ್ಷಕರು ಸ್ಟೂಲಿನ ಮೇಲೆ ಕುಳಿತಿದ್ದಾಗಲೇ ನರ್ಸ್ ಬಂದು ಪಟ್ಟಿ ಬಿಚ್ಚಿದಳು. ಅಜ್ಜಿ ಮೊದಲು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಎಷ್ಟು ಎತ್ತರ ಆಗ್ಬಿಟ್ಟಿದೀಯೇ," ಎಂದಳು.

ಆಮೇಲೆ ಬ್ಯಾಗಕ್ಕನ ಕಡೆ ತಿರುಗಿ ಕಣ್ಣರಳಿಸಿದಳು. "ಅಯ್ಯೋ, ಇಷ್ಟು ಚಿಕ್ಕವಳಾ ನೀನು? ದನಿ ಕೇಳಿ ಯಾರೋ ದೊಡ್ಡ ಹೆಂಗಸು ಅಂದ್ಕೊಂಡಿದ್ದೆ. ಏನ್ರೀ, ಇಂಥ ಎಳೆ ಹುಡುಗಿಗಾ ಪರೀಕ್ಷೆ ಇಟ್ಟು ಹೆದರಿಸ್ತಿರೋದು?"

ಪರೀಕ್ಷಕರು ನಕ್ಕುಬಿಟ್ಟರು. ಬ್ಯಾಗಕ್ಕ ಪಾಸು. ನಾನು ಅಜ್ಜಿಯ ಜೊತೆಯಲ್ಲೇ ಬೆಳೆದೆ, ಅವಳ ಕೊನೆಯವರೆಗೂ ಜೊತೆಗಿದ್ದೆ.

ಅಂದು ಅಜ್ಜಿ ಫ್ಲಾಸ್ಕಿನಿಂದ ಎಲ್ಲರಿಗೂ ತಾನೇ ಚಹಾ ಬಗ್ಗಿಸಿದಳು. ಲೋಟ ತುಂಬುತ್ತಲೇ ನಾನು ಅಭ್ಯಾಸಬಲದಿಂದ ಕೆಮ್ಮಿದೆ.

"ಸುಮ್ನಿರೇ, ನಂಗೆ ಕಾಣತ್ತೆ," ಎಂದಳು ಅಜ್ಜಿ.

ಮೊನ್ನೆ ಆ ನಟಿ ಅಳು ಮುಗಿಸಿ ಜಗ್ಗಿನಿಂದ ನೀರು ಬಗ್ಗಿಸಿಕೊಂಡಳು. ಲೋಟ ತುಂಬಿತು, ನಾನು ಕೆಮ್ಮಿಬಿಟ್ಟೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಸುಮ್ನಿರೇ ಎನ್ನಲು ಅಲ್ಲಿ ಯಾರೂ ಇರಲಿಲ್ಲ.