ಓರಗಿತ್ತಿ ಕೇಳಿದ ಕೋಡ್

ಹೊಲಿಗೆ ಅಂಗಡಿಯ ಇಬ್ಬರು ಓರಗಿತ್ತಿಯರು ಒಂದೇ ಮೇಜಿನ ಆಚೆ ಈಚೆ ಕೂತು ದುಡಿಯುತ್ತಿದ್ದರು; ಮಾತು ಮಾತ್ರ ಇರಲಿಲ್ಲ. ಗಿರಾಕಿಯ ಮುಂದೆ ದೊಡ್ಡವಳು, "ಈ ಕಾಲರ್ ಕೆಡಿಸಿದ್ದು ನಮ್ಮ ಚಿಕ್ಕವಳು" ಎಂದದ್ದೇ ಕಾರಣ. ಅಂದೇ ಚಿಕ್ಕವಳ ಬಾಯಿಗೆ ಬೀಗ ಬಿತ್ತು. ದೊಡ್ಡವಳೇನು ಕಡಿಮೆಯೇ, ಅವಳೂ ಬೀಗ ಜಡಿದಳು. ಆದರೆ ಕೆಲಸ ನಡೆಯಬೇಕಲ್ಲ! ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತು ಫೋನಿನಲ್ಲಿ ಮೆಸೇಜು ಕಳಿಸತೊಡಗಿದರು. "ಗುಂಡಿ ಎಲ್ಲಿ?" "ಡಬ್ಬಿಯಲ್ಲಿ." ಅಷ್ಟೇ. ಬುದ್ಧಿ ಇದ್ದವರು ಮಾಡುವ ಕೆಲಸವೇ ಇದು?

ನಿಜ ಹೇಳಬೇಕೆಂದರೆ ಚಿಕ್ಕವಳಿಗೆ ಸಾಕುಸಾಕಾಗಿತ್ತು. ಅಕ್ಕನ ಬೈಗುಳವಾದರೂ ಕಿವಿಗೆ ಬಿದ್ದರೆ ಸಾಕೆನ್ನಿಸುತ್ತಿತ್ತು. ಆದರೆ ತಾನೇ ಮೊದಲು ಬಾಯಿ ಬಿಟ್ಟರೆ ಮರ್ಯಾದೆಯ ಪ್ರಶ್ನೆ.

ಒಂದು ಮಧ್ಯಾಹ್ನ ಅವಳ ಫೋನಿಗೆ ಆರಂಕಿಯ ಕೋಡೊಂದು ಬಂತು. ಅದರ ಹಿಂದೆಯೇ ಅಕ್ಕನ ಮೆಸೇಜು: "ಹೇಗಿದ್ದೀಯಾ ಪುಟ್ಟಾ? ನಂಗೆ ಬರಬೇಕಾದ ಕೋಡ್ ತಪ್ಪಿ ನಿಂಗೆ ಬಂದಿದೆ. ಸ್ವಲ್ಪ ಕಳಿಸ್ತೀಯಾ, ಪ್ಲೀಸ್. ನೀನಿಲ್ಲದಿದ್ರೆ ನಂಗೆ ಯಾರಿದ್ದಾರೆ?"

ಚಿಕ್ಕವಳ ಕಣ್ಣು ತುಂಬಿತು. ಅಕ್ಕ ಕರಗಿದ್ದಾರೆ! ಕೋಡೇನು, ಈಗ ಕೇಳಿದ್ದರೆ ಕತ್ತರಿಯನ್ನೂ ಬರೆದುಕೊಡುತ್ತಿದ್ದಳು. ಆರೂ ಅಂಕಿ ಒತ್ತಿದಳು. ಕಳಿಸುವ ಮೊದಲು ಅಕ್ಕನ ಮುಖವನ್ನೊಮ್ಮೆ ನೋಡೋಣವೆಂದು ತಲೆ ಎತ್ತಿದಳು.

ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಲೈನಿಂಗ್ ಕೂಡಿಸುತ್ತಿದ್ದಳು. ಅವಳ ಫೋನು ಆ ಕಡೆ ಗೋಡೆಯ ಹತ್ತಿರ ಚಾರ್ಜಿಗೆ ಬಿದ್ದಿತ್ತು.

ಹಾಗಾದರೆ ಅಕ್ಕನ ಹೆಸರಲ್ಲಿ ಪುಟ್ಟಾ ಎಂದವರು ಯಾರು? ಚಿಕ್ಕವಳು ಒತ್ತಿದ ಅಂಕಿಗಳನ್ನೆಲ್ಲ ಅಳಿಸಿದಳು. ಅಂಗಡಿಯ ನಂಬರಿನ ಮೆಸೇಜು ಖಾತೆ ಇರುವುದು ಅವಳ ಫೋನಿನಲ್ಲೇ. ಗಿರಾಕಿಗಳ ಅಳತೆ, ಫೋಟೋ, ವಿಳಾಸ ಎಲ್ಲ ಅದರೊಳಗೆ. ಈ ಕೋಡಿನಿಂದ ಅದು ಯಾರೋ ಕಳ್ಳನ ಕೈಗೆ ಹೋಗಿದ್ದರೆ ಅಂಗಡಿಯ ಹೆಸರಲ್ಲಿ ಊರಿಗೆಲ್ಲ ಟೋಪಿ ಬೀಳುತ್ತಿತ್ತು. ಮರ್ಯಾದೆ ಹಾಳಾಗಲಿ ಎಂದು ಬಾಯಿ ಬಿಟ್ಟಳು.

"ಅಕ್ಕಾ, ಈಗ ನಂಗೆ ಮೆಸೇಜ್ ಮಾಡಿದ್ರಾ?"

ದೊಡ್ಡವಳು ಗುಂಡುಪಿನ್ನು ಉಗಿದಳು. "ನಾನ್ಯಾಕೆ ಮಾಡ್ಲಿ? ಕೈ ಕಾಣ್ತಿಲ್ವಾ?"

"ಬೆಳಿಗ್ಗೆಯಿಂದ ಯಾರಿಗಾದ್ರೂ ಕೋಡ್ ಕೊಟ್ರಾ?"

ದೊಡ್ಡವಳ ಮುಖ ಸಣ್ಣಗಾಯಿತು. "ಯಾರೋ ಗಿರಾಕಿ ಅಂತ ಬರೆದಿದ್ರು, ತಪ್ಪಿ ಬಂದಿದೆ, ಕಳಿಸಿ ಅಂತ. ನಿನ್ನನ್ನ ಕೇಳೋಣ ಅಂದ್ಕೊಂಡೆ ಕಣೇ. ನೀನು ಮಾತಾಡ್ತಿರ್ಲಿಲ್ವಲ್ಲ, ಕಳಿಸ್ಬಿಟ್ಟೆ."

"ಮಾತು ಬಿಟ್ಟಿದ್ದು ನೀವೂ ತಾನೇ?"

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಸುಮ್ಮನೆ ಹೇಳುತ್ತಾರೆಯೇ? ಅದೃಷ್ಟಕ್ಕೆ ಈ ಮೂರನೆಯವನು ಅಕ್ಕನ ಖಾತೆಗೆ ಇನ್ನೂ ತನ್ನ ಪಿನ್ ಹಾಕಿ ಬಾಗಿಲು ಭದ್ರ ಮಾಡಿಕೊಂಡಿರಲಿಲ್ಲ. ಚಿಕ್ಕವಳು ಅಕ್ಕನ ಫೋನಿನಲ್ಲಿ ಅವಳ ನಂಬರನ್ನು ಮತ್ತೆ ಹಾಕಿ, ಹೊಸ ಕೋಡ್ ತರಿಸಿ, ಖಾತೆಯನ್ನು ವಾಪಸು ಪಡೆದಳು. ಎರಡೂ ಫೋನಿನ ಖಾತೆಗೆ ಗುಟ್ಟಿನ ಪಿನ್ ಇಟ್ಟಳು. ದೊಡ್ಡವಳು ಪರಿಚಯದವರಿಗೆಲ್ಲ ತಾನೇ ಕರೆ ಮಾಡಿ, "ನನ್ನ ಹೆಸರಲ್ಲಿ ಯಾರಾದ್ರೂ ಕೋಡೋ ದುಡ್ಡೋ ಕೇಳಿದ್ರೆ ಕೊಡ್ಬೇಡಿ, ಮೊದ್ಲು ನಂಗೆ ಫೋನ್ ಮಾಡಿ" ಎಂದಳು. ಅಷ್ಟು ದಿನ ಕೂಡಿಟ್ಟ ಮಾತೆಲ್ಲ ಅವತ್ತೇ ಖರ್ಚಾಯಿತು.

"ಇನ್ಮೇಲೆ ನಮ್ಮಲ್ಲಿ ಏನೇ ಬೇಕಾದ್ರೂ ಬಾಯಲ್ಲೇ ಕೇಳೋದು," ಎಂದಳು ದೊಡ್ಡವಳು. "ಕೋಪ ಇದ್ರೂ ಸರಿ."

ಚಿಕ್ಕವಳು ತಲೆಯಾಡಿಸಿದಳು. ಆದರೂ ಮನಸ್ಸು ತಡೆಯಲಿಲ್ಲ. "ಅಕ್ಕಾ, ನೀನಿಲ್ಲದಿದ್ರೆ ನಂಗೆ ಯಾರಿದ್ದಾರೆ ಅಂದಿದ್ದೂ ಆ ಕಳ್ಳನೇ ತಾನೇ?"

ದೊಡ್ಡವಳು ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದಳು: "ಅವನೇ. ನಾನೂ ಹೇಳ್ಬೇಕು ಅಂತಿದ್ದೆ, ಹಾಳಾದವನು ನನಗಿಂತ ಮುಂಚೆ ಹೇಳ್ಬಿಟ್ಟ."